ಲ್ಯಾಬ್ ವಜ್ರವನ್ನು ಓಲೆಯಾಚೆಗೂ ನೋಡೋಣ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಲ್ಯಾಬ್ ವಜ್ರದ ಬಗ್ಗೆ ಒಂದು ಇಡೀ ಪುಟ ಬಂದಿತ್ತು. ಓಲೆ, ಮೂಗುಬೊಟ್ಟು, ಉಂಗುರ, ಗಣಿಯ ವಜ್ರಕ್ಕೂ ಇದಕ್ಕೂ ಬೆಲೆಯಲ್ಲಿ ಎಷ್ಟು ವ್ಯತ್ಯಾಸ, ಮಾರಲು ಹೋದರೆ ವಾಪಸ್ ಎಷ್ಟು ಸಿಗುತ್ತದೆ, ಎಲ್ಲ ಇತ್ತು. ಚೆನ್ನಾಗಿತ್ತು. ಆದರೆ ಪುಟದ ಕೊನೆಯವರೆಗೂ ಓದಿದರೂ ನಾನು ಹುಡುಕುತ್ತಿದ್ದ ವಿಷಯ ಸಿಗಲಿಲ್ಲ. ಮೆಷಿನ್ನಿನಲ್ಲಿ ಬೆಳೆಸುವ ಈ ವಜ್ರ ಕಂಪ್ಯೂಟರ್ ಚಿಪ್‌ಗಳಿಗೆ ಎಷ್ಟು ದೊಡ್ಡ ಉಪಕಾರ ಮಾಡಬಲ್ಲದು ಅನ್ನೋ ವಿಷಯ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಆದಷ್ಟು ಕತ್ತರಿಸದೆ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ನಾನು ವಿಜ್ಞಾನಿ ಅಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 19 ವರ್ಷದಿಂದ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದೇನೆ. ದಿನಕ್ಕೆ ಐದಾರು ಲ್ಯಾಪ್‌ಟಾಪ್ ನನ್ನ ಟೇಬಲ್ ಮೇಲೆ ಬಿಚ್ಚುತ್ತೇನೆ. ಅದರಲ್ಲಿ ಎರಡು ಮೂರಕ್ಕಾದರೂ ಕಾಯಿಲೆ ಒಂದೇ, ಬಿಸಿ. ಹೋದ ತಿಂಗಳು ಇಂಜಿನಿಯರಿಂಗ್ ಓದುವ ಹುಡುಗಿ ಒಬ್ಬಳು ಬಂದಿದ್ದಳು. "ಅಣ್ಣಾ, ಪ್ರಾಜೆಕ್ಟ್ ರನ್ ಮಾಡಿದ ಹತ್ತೇ ನಿಮಿಷಕ್ಕೆ ತುಂಬಾ ಸ್ಲೋ ಆಗುತ್ತೆ, ತೊಡೆ ಮೇಲೆ ಇಟ್ಕೊಳ್ಳೋಕೂ ಆಗಲ್ಲ" ಅಂದಳು. ಆನ್ ಮಾಡಿ ನೋಡಿದೆ. ಪ್ರೊಸೆಸರ್ 97 ಡಿಗ್ರಿ. ಅಷ್ಟು ಬಿಸಿಯಾದರೆ ಚಿಪ್ ಸುಟ್ಟುಹೋಗದಿರಲಿ ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ದುಡ್ಡು ಕೊಟ್ಟು ತಂದ ವೇಗದಲ್ಲಿ ಅರ್ಧವೂ ಕೈಗೆ ಬರುವುದಿಲ್ಲ.

ಕೆಳಗಿನ ಮುಚ್ಚಳ ತೆಗೆದೆ. ಫ್ಯಾನ್ ಬಾಯಿಗೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಅದು ಮಾಮೂಲಿ. ತಾಮ್ರದ ಪೈಪು ಎತ್ತಿದೆ. ಅದಕ್ಕೂ ಚಿಪ್‌ಗೂ ನಡುವೆ ಹಚ್ಚಿದ್ದ ಥರ್ಮಲ್ ಪೇಸ್ಟ್ ಒಣಗಿ, ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಮೆಲ್ಲಗೆ ಒರೆಸಿದರೆ ಕೆಳಗೆ ಕನ್ನಡಿಯಂತೆ ಹೊಳೆಯುವ ಸಿಲಿಕಾನ್, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಕಡಲೆಕಾಳಿನಷ್ಟು ಹೊಸ ಪೇಸ್ಟ್ ಹಚ್ಚಿ, ಸ್ಕ್ರೂಗಳನ್ನು ಎದುರುಬದುರಾಗಿ ಸಮವಾಗಿ ಬಿಗಿದು, ಮತ್ತೆ ಅದೇ ಪ್ರಾಜೆಕ್ಟ್ ಓಡಿಸಿದೆ. 97 ಇದ್ದದ್ದು 76ಕ್ಕೆ ನಿಂತಿತು. ಚಿಪ್ ಅದೇ, ಫ್ಯಾನ್ ಅದೇ, ತಾಮ್ರವೂ ಅದೇ. ಬದಲಾಗಿದ್ದು ನಡುವಿನ ಒಂದು ತೆಳು ಪದರ.

ಈ ಕೆಲಸದಲ್ಲಿ ನಾನು ಕಲಿತದ್ದು ಇದನ್ನೇ. ಬಿಸಿ ಹುಟ್ಟುವ ಜಾಗ ಒಂದು, ಅದನ್ನು ಹೊರಗೆ ಹಾಕುವ ಜಾಗ ಇನ್ನೊಂದು, ಆದರೆ ಸಿಕ್ಕಿಹಾಕಿಕೊಳ್ಳುವುದು ಮಾತ್ರ ಯಾವಾಗಲೂ ಎರಡು ವಸ್ತು ಸೇರುವ ಜಾಗದಲ್ಲಿ. ವಜ್ರದ ವಿಷಯಕ್ಕೂ ಇದೇ ಅನ್ವಯ ಆಗುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ವಜ್ರದ ಬಗ್ಗೆ ನನಗೆ ಕುತೂಹಲ ಹುಟ್ಟಿದ್ದು ಪುಸ್ತಕ ಓದಿ ಅಲ್ಲ. ನಮ್ಮ ರೋಡಿನಿಂದ ನಡೆದುಕೊಂಡು ಹೋಗುವಷ್ಟು ದೂರದಲ್ಲಿ ನಗರ್ತಪೇಟೆ. ಅಲ್ಲಿ ನನಗೆ ಪರಿಚಯದ ಆಚಾರ್ರು ಒಬ್ಬರಿದ್ದಾರೆ, ಅವರ ಕಂಪ್ಯೂಟರ್ ನೋಡಲು ಹೋಗುತ್ತಿರುತ್ತೇನೆ. ಒಂದು ದಿನ ಗಿರಾಕಿಯೊಬ್ಬರು ಅಜ್ಜಿಯ ಕಾಲದ ಓಲೆ ತಂದು, "ಇದು ವಜ್ರವೋ ಗಾಜೋ ನೋಡಿ" ಅಂದರು. ಆಚಾರ್ರು ದಪ್ಪ ಪೆನ್ನಿನಂಥ ಒಂದು ಉಪಕರಣ ತೆಗೆದು, ಅದರ ಚೂಪು ತುದಿಯನ್ನು ಹರಳಿಗೆ ಮುಟ್ಟಿಸಿದರು. ಕೀಂ ಅಂತ ಸದ್ದು ಬಂತು. "ವಜ್ರವೇ" ಅಂದರು. ಏನು ಅಳೆಯುತ್ತೆ ಆಚಾರ್ರೇ ಅದು, ಅಂತ ಕೇಳಿದೆ. "ಬಿಸಿ ಕಣಪ್ಪ. ಈ ತುದಿ ಬೆಚ್ಚಗಿರುತ್ತೆ. ವಜ್ರ ಮುಟ್ಟಿದ ತಕ್ಷಣ ಬಿಸಿಯನ್ನ ಎಳ್ಕೊಂಡು ಬಿಡುತ್ತೆ, ಗಾಜು ಎಳ್ಕೊಳ್ಳಲ್ಲ" ಅಂದರು.

ನನಗೆ ಮೈ ಜುಂ ಅಂತು. ನಾನು ದಿನಾ ಕೂತು ಮಾಡುವ ಕೆಲಸವೇ ಅದಲ್ವಾ? ಚಿಪ್‌ನಿಂದ ಬಿಸಿ ಎಳೆಯುವುದು. ಅವತ್ತಿನಿಂದ ಈ ವಿಷಯ ಎಲ್ಲಿ ಸಿಕ್ಕಿದರೂ ಓದುತ್ತಾ ಬಂದೆ. ಅಂದ ಹಾಗೆ, ಲ್ಯಾಬ್ ವಜ್ರ ಇಟ್ಟರೂ ಆ ಪೆನ್ನು ಹಾಗೇ ಕೂಗುತ್ತದೆ. ಯಾಕೆಂದರೆ ಅದೂ ವಜ್ರವೇ. ಅದೇ ಇಂಗಾಲ, ಅದೇ ಜೋಡಣೆ. "ನಕಲಿ ವಜ್ರ" ಅಂತ ಪತ್ರಿಕೆಗಳಲ್ಲಿ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ, ಅದು ಶುದ್ಧ ತಪ್ಪು.

ಲೆಕ್ಕದಲ್ಲಿ ಹೇಳುತ್ತೇನೆ. ಒಂದು ವಸ್ತು ಬಿಸಿಯನ್ನು ಎಷ್ಟು ಚೆನ್ನಾಗಿ ದಾಟಿಸುತ್ತದೆ ಅನ್ನೋದಕ್ಕೆ ಒಂದು ಅಳತೆ ಇದೆ. ಆ ಅಳತೆಯಲ್ಲಿ ಸಿಲಿಕಾನ್ ಸುಮಾರು 150, ತಾಮ್ರ ಸುಮಾರು 400, ಒಳ್ಳೆಯ ವಜ್ರ 2,000ಕ್ಕೂ ಜಾಸ್ತಿ. ನಾನು ಹಚ್ಚುವ ಪೇಸ್ಟ್ ಇದೆಯಲ್ಲ, ಅದು ಹೆಚ್ಚೆಂದರೆ 10ರ ಆಸುಪಾಸು. ಹೊಟ್ಟೆ ಉರಿಯುತ್ತದೆ ಆ ಸಂಖ್ಯೆ ನೋಡಿದರೆ. ವಜ್ರದ ಇನ್ನೊಂದು ಗುಣ ಇದಕ್ಕಿಂತ ವಿಶೇಷ. ತಾಮ್ರ, ಬೆಳ್ಳಿ ಬಿಸಿ ದಾಟಿಸಿದರೆ ಕರೆಂಟನ್ನೂ ದಾಟಿಸುತ್ತವೆ, ಹಾಗಾಗಿ ಚಿಪ್‌ನ ತೀರಾ ಒಳಕ್ಕೆ ಅವನ್ನು ಬೇಕಾದ ಹಾಗೆ ತುರುಕಲು ಆಗಲ್ಲ, ಶಾರ್ಟ್ ಆಗುತ್ತದೆ. ಶುದ್ಧ ವಜ್ರ ಬಿಸಿಯನ್ನು ಬಿಡುತ್ತದೆ, ಕರೆಂಟನ್ನು ತಡೆಯುತ್ತದೆ. ಲೋಹದಲ್ಲಿ ಬಿಸಿ ಹೊರುವುದು ಎಲೆಕ್ಟ್ರಾನ್‌ಗಳು. ವಜ್ರದಲ್ಲಿ ಇಂಗಾಲದ ಪರಮಾಣುಗಳು ಹಗುರ, ಒಂದನ್ನೊಂದು ಹಿಡಿದಿರುವ ಹಿಡಿತ ಭಾರಿ ಬಿಗಿ, ಆದ್ದರಿಂದ ಒಂದು ಕಡೆ ನಡುಗಿದರೆ ಆ ನಡುಕ ಇನ್ನೊಂದು ತುದಿಗೆ ಕ್ಷಣದಲ್ಲಿ ಹೋಗುತ್ತದೆ. ಬಿಸಿ ಅಂದರೆ ಆ ನಡುಕವೇ ತಾನೆ.

ಇದು ಈಗ ಯಾಕೆ ಬೇಕು ಅಂತ ಕೇಳಬಹುದು. 2004ರಲ್ಲಿ ಇಂಟೆಲ್ ಕಂಪನಿ 4 ಗಿಗಾಹರ್ಟ್ಸ್ ವೇಗದ ಪೆಂಟಿಯಂ 4 ಚಿಪ್ ತರುತ್ತೇವೆ ಅಂದಿದ್ದು ಕೈಬಿಟ್ಟಿತು. ನಾನು ಆಗ ಈ ಕೆಲಸ ಕಲಿಯುತ್ತಿದ್ದೆ, ಎಸ್.ಪಿ. ರೋಡಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಅಲ್ಲಿಯವರೆಗೆ ಪ್ರತಿ ವರ್ಷ ಏರುತ್ತಿದ್ದ ವೇಗಕ್ಕೆ ಬಿಸಿಯ ಗೋಡೆ ಅಡ್ಡ ಬಂತು. ಆಮೇಲೆ ಎರಡು ಕೋರ್, ನಾಲ್ಕು ಕೋರ್ ಅಂತ ಪಕ್ಕಪಕ್ಕಕ್ಕೆ ಬೆಳೆದೆವು. ಈಗ ಎಐ ಬಂದ ಮೇಲೆ ಬಿಸಿ ಇನ್ನೊಂದು ಮಟ್ಟಕ್ಕೆ ಹೋಗಿದೆ. ಎನ್‌ವಿಡಿಯಾ ಕಂಪನಿಯ ಎಚ್100 ಅನ್ನೋ ಎಐ ಚಿಪ್ 700 ವಾಟ್ ನುಂಗುತ್ತದೆ, ಅದರ ನಂತರದ ಬಿ200 ಅನ್ನೋದು 1,000 ವಾಟ್. ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ನುಂಗುವುದೂ ಅಷ್ಟೇ. ಇಸ್ತ್ರಿ ಪೆಟ್ಟಿಗೆಗೆ ಅಂಗೈ ಅಗಲದ ತಳ ಇದೆ. ಎಚ್100ನಲ್ಲಿ ಆ ಬಿಸಿಯ ದೊಡ್ಡ ಪಾಲು ಹುಟ್ಟುವುದು ಬರೀ 8 ಚದರ ಸೆಂಟಿಮೀಟರ್ ಸಿಲಿಕಾನ್‌ನಲ್ಲಿ. ಅಂಥವು ಸಾವಿರಾರು ಒಂದೇ ಕಟ್ಟಡದಲ್ಲಿ ಕೂತಿರುತ್ತವೆ. ಅವನ್ನು ತಂಪು ಮಾಡಲು ಕರೆಂಟು ಬೇಕು, ಎಷ್ಟೋ ಕಡೆ ನೀರೂ ಬೇಕು. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ಕೂತ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೂ ಒಂದು ಸಂಗತಿ. ಚಿಪ್ ಎಲ್ಲ ಕಡೆ ಒಂದೇ ಸಮ ಬಿಸಿಯಾಗುವುದಿಲ್ಲ. ಕೆಲವು ಚುಕ್ಕೆಗಳಷ್ಟು ಜಾಗ ಮಾತ್ರ ಕೆಂಡವಾಗುತ್ತದೆ, ಪಕ್ಕದಲ್ಲಿ ಸುಮಾರಾಗಿರುತ್ತದೆ. ದೋಸೆ ಹೊಯ್ಯುವವರಿಗೆ ಗೊತ್ತಿರುತ್ತದೆ, ತೆಳು ತಗಡಿನ ಕಾವಲಿ ಇಟ್ಟರೆ ಉರಿ ತಾಗುವ ನಡುಭಾಗ ಸೀದು ಹೋಗುತ್ತದೆ, ಅಂಚು ಹಸಿಯಾಗೇ ಉಳಿಯುತ್ತದೆ. ಬೀಡಿನ ದಪ್ಪ ಕಾವಲಿ ಇಟ್ಟರೆ ಬಿಸಿ ಹರಡಿ ದೋಸೆ ಸಮ ಬೇಯುತ್ತದೆ. ಚಿಪ್ ಕೆಳಗೆ ವಜ್ರದ ತೆಳು ಪದರ ಇಟ್ಟರೆ ಅದು ಮಾಡುವುದು ಆ ದಪ್ಪ ಕಾವಲಿಯ ಕೆಲಸ. ನಡುವಿನ ಕೆಂಡವನ್ನು ಪಕ್ಕಕ್ಕೆ ಹರಡಿಬಿಡುತ್ತದೆ. ಹರಡಿದ ಮೇಲೆ ತೆಗೆಯುವುದು ತಾಮ್ರಕ್ಕೂ ಸುಲಭ, ಫ್ಯಾನಿಗೂ ಸುಲಭ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತು. ವಾಟ್ಸಾಪ್‌ನಲ್ಲಿ, ಯೂಟ್ಯೂಬ್‌ನಲ್ಲಿ "ಸಿಲಿಕಾನ್ ಕಥೆ ಮುಗಿಯಿತು, ಇನ್ನು ವಜ್ರದ ಕಂಪ್ಯೂಟರ್" ಅಂತ ವಿಡಿಯೊಗಳು ಓಡಾಡುತ್ತಿವೆ. ನನ್ನ ಅಂಗಡಿಗೆ ಬರುವ ಹುಡುಗರೂ ಕೇಳುತ್ತಾರೆ. ಅವುಗಳಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಕಲಸಿಬಿಟ್ಟಿದ್ದಾರೆ. ಚಿಪ್‌ಗೆ ವಜ್ರದ ಹಾಸು ಹಾಕುವುದು ಒಂದು. ಚಿಪ್ಪನ್ನೇ ವಜ್ರದಲ್ಲಿ ಮಾಡುವುದು ಇನ್ನೊಂದು. ಮೊದಲನೆಯದು ಬಾಗಿಲಿಗೆ ಬಂದಿದೆ. ಎರಡನೆಯದು ದೂರ ಇದೆ, ಬಂದರೂ ನಮ್ಮ ಮೊಬೈಲ್ ಒಳಗೆ ಮೊದಲು ಬರುವುದಿಲ್ಲ.

ವಜ್ರದ ಚಿಪ್ ಅನ್ನೋ ಆಸೆ ಸುಮ್ನೆ ಹುಟ್ಟಿದ್ದಲ್ಲ. ಅರೆವಾಹಕದಲ್ಲಿ, ಅಂದರೆ ಚಿಪ್ ಮಾಡುವ ಸಿಲಿಕಾನ್‌ನಂಥ ವಸ್ತುವಿನಲ್ಲಿ, ಎಲೆಕ್ಟ್ರಾನ್ ದಾಟಬೇಕಾದ ಒಂದು ಹೊಸ್ತಿಲು ಇರುತ್ತದೆ. ಸಿಲಿಕಾನ್‌ನಲ್ಲಿ ಅದು 1.1 ಎಲೆಕ್ಟ್ರಾನ್ ವೋಲ್ಟ್, ವಜ್ರದಲ್ಲಿ 5.5. ಹೊಸ್ತಿಲು ಎತ್ತರ ಇದ್ದಷ್ಟೂ ಜಾಸ್ತಿ ವೋಲ್ಟೇಜ್ ತಡೆಯುತ್ತದೆ, ಜಾಸ್ತಿ ಬಿಸಿಯಲ್ಲೂ ಕೆಲಸ ಮಾಡುತ್ತದೆ. ಸಿಲಿಕಾನ್ ತಡೆಯುವುದರ ಸುಮಾರು 30 ಪಟ್ಟು ವಿದ್ಯುತ್ ಒತ್ತಡವನ್ನು ವಜ್ರ ತಡೆಯುತ್ತದೆ. ರೈಲು, ವಿದ್ಯುತ್ ಗ್ರಿಡ್, ಎಲೆಕ್ಟ್ರಿಕ್ ಗಾಡಿ ಇವುಗಳ ಪವರ್ ಸರ್ಕ್ಯೂಟ್‌ಗೆ ಇದು ವರ. ಆದರೆ ಅದೇ ಎತ್ತರದ ಹೊಸ್ತಿಲೇ ತೊಂದರೆಯೂ ಹೌದು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅರೆವಾಹಕಕ್ಕೆ ಚೂರೇ ಚೂರು ಬೇರೆ ಪರಮಾಣು ಬೆರೆಸಬೇಕು, ಆಗಲೇ ಅದರಲ್ಲಿ ನಮಗೆ ಬೇಕಾದ ಹಾಗೆ ಕರೆಂಟು ಹರಿಯುವುದು. ಸಿಲಿಕಾನ್‌ಗೆ ಬೋರಾನ್ ಹಾಕಿದರೂ ರಂಜಕ ಹಾಕಿದರೂ ಮಾಮೂಲಿ ಕೋಣೆಯ ಬಿಸಿಗೇ ಕೆಲಸ ಶುರು. ವಜ್ರಕ್ಕೆ ಬೋರಾನ್ ಹಾಕಿದರೆ ಅದರಲ್ಲಿ ಒಂದು ಸಣ್ಣ ಪಾಲು ಮಾತ್ರ ಎಚ್ಚರವಾಗುತ್ತದೆ. ರಂಜಕ ಹಾಕಿದರೆ ಇನ್ನೂ ಕಷ್ಟ, ಅದನ್ನು ವಜ್ರದೊಳಗೆ ಸರಿಯಾಗಿ ಕೂರಿಸುವುದಕ್ಕೇ ಜಪಾನಿನ ವಿಜ್ಞಾನಿಗಳು 1990ರ ದಶಕದವರೆಗೆ ಹೆಣಗಬೇಕಾಯಿತು, ಕೂರಿಸಿದ ಮೇಲೂ ಕೋಣೆಯ ಬಿಸಿಯಲ್ಲಿ ಅದು ಹೆಚ್ಚುಕಡಿಮೆ ನಿದ್ದೆಯಲ್ಲೇ ಇರುತ್ತದೆ.

ಬೋರಾನ್ ಅಂದಾಗ ನೆನಪಾಯಿತು. ಗೋಲ್ಕೊಂಡ ಸೀಮೆಯ ಗಣಿಯಿಂದ ಹೋಗಿ ಈಗ ವಾಷಿಂಗ್ಟನ್‌ನ ಮ್ಯೂಸಿಯಂನಲ್ಲಿ ಕೂತಿರುವ ಹೋಪ್ ವಜ್ರ ನೀಲಿಯಾಗಿರುವುದು ಬೋರಾನ್‌ನಿಂದ. ಅಂದರೆ ಭೂಮಿಯೇ ಹೆಪ್ಪು ಹಾಕಿ ಮಾಡಿದ ಅರೆವಾಹಕ ಅದು. ನಮ್ಮ ಪಕ್ಕದ ನೆಲದಲ್ಲೇ ಸಿಕ್ಕಿತ್ತು.

ಇನ್ನು ಅಳತೆಯ ತೊಂದರೆ. ಚಿಪ್ ಕಾರ್ಖಾನೆಗಳು ನಡೆಯುವುದು 300 ಮಿಲಿಮೀಟರ್ ಅಗಲದ ಸಿಲಿಕಾನ್ ಬಿಲ್ಲೆಗಳ ಮೇಲೆ, ಊಟದ ತಟ್ಟೆಯಷ್ಟು. ಒಂದೇ ಹರಳಾಗಿ ಅಷ್ಟು ದೊಡ್ಡ ವಜ್ರ ಬೆಳೆಸಲು ಯಾರಿಗೂ ಆಗಿಲ್ಲ. ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ 2017ರಲ್ಲಿ 92 ಮಿಲಿಮೀಟರ್ ಅಗಲದ, 155 ಕ್ಯಾರೆಟ್ ತೂಕದ ಒಂದು ಬಿಲ್ಲೆ ಬೆಳೆಸಿದರು. 2023ರಲ್ಲಿ ಅಮೆರಿಕದ ಡೈಮಂಡ್ ಫೌಂಡ್ರಿ 100 ಮಿಲಿಮೀಟರ್ ಮುಟ್ಟಿದೆವು ಅಂದಿತು. ಸಾಧನೆ ದೊಡ್ಡದೇ, ಆದರೆ ದಾರಿ ಇನ್ನೂ ಇದೆ. ಬಿಸಿ ಹರಡುವ ಹಾಸಿನ ಮಟ್ಟಿಗೆ ಒಂದೇ ಹರಳು ಬೇಕು ಅಂತೇನಿಲ್ಲ. ಸಣ್ಣ ಸಣ್ಣ ಹರಳುಗಳು ಒತ್ತೊತ್ತಾಗಿ ಬೆಳೆದ ಪದರ ಸಾಕು, ಅದೂ ತಾಮ್ರಕ್ಕಿಂತ ಎಷ್ಟೋ ಮೇಲು, ಅದನ್ನು ದೊಡ್ಡ ಅಳತೆಯಲ್ಲಿ ಬೆಳೆಸುವುದೂ ಆಗುತ್ತದೆ. ಅದಕ್ಕೇ ನಾನು ಹಾಸು ಮೊದಲು, ಚಿಪ್ ಆಮೇಲೆ ಅನ್ನೋದು.

ಹಾಸಿನಲ್ಲೂ ಕಷ್ಟ ಇರುವುದು ಎಲ್ಲಿ ಗೊತ್ತಾ? ನಾನು ಮೊದಲೇ ಹೇಳಿದ ಜಾಗದಲ್ಲೇ, ಸೇರುವ ಜಾಗದಲ್ಲಿ. ವಜ್ರ ಬಿಸಿಗೆ ಹಿಗ್ಗುವುದು ಬಹಳ ಕಡಿಮೆ, ಸಿಲಿಕಾನ್ ಅದರ ಎರಡು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ಎರಡನ್ನೂ ಅಂಟಿಸಿ ಬಿಸಿ ಮಾಡಿ ತಣಿಸಿದರೆ ಬಾಗುತ್ತದೆ, ಬಿರುಕು ಬಿಡುತ್ತದೆ. ನಡುವೆ ಅಂಟು ಹಾಕಿದರೆ ಅಂಟೇ ಬಿಸಿಗೆ ತಡೆ, ನನ್ನ ಒಣಗಿದ ಪೇಸ್ಟ್‌ನ ಕಥೆಯೇ ಮತ್ತೆ. ವಜ್ರದ ಪುಡಿ ಬೆರೆಸಿದ ಪೇಸ್ಟ್ ಕೂಡ ಮಾರುಕಟ್ಟೆಯಲ್ಲಿ ಸಿಗುತ್ತದೆ, ನಾನೂ ತರಿಸಿ ಹಚ್ಚಿ ನೋಡಿದ್ದೇನೆ. ಸ್ವಲ್ಪ ಉಪಯೋಗ ಆಯಿತು. ಆಮೇಲೆ ಒರೆಸುವಾಗ ಪ್ರೊಸೆಸರ್ ಮೇಲಿನ ಅಕ್ಷರಗಳೇ ಉಜ್ಜಿ ಹೋದವು, ಪುಡಿ ಅಷ್ಟು ಗಡಸು. ಪುಡಿಯ ಕಣ ಎಷ್ಟೇ ಒಳ್ಳೆಯದಿರಲಿ, ಕಣಕ್ಕೂ ಕಣಕ್ಕೂ ನಡುವೆ ಇರುವುದು ಜಿಡ್ಡೇ. ಹಾಗಾಗಿ ಸರಿಯಾದ ದಾರಿ ಅಂದರೆ ವಜ್ರವನ್ನು ಚಿಪ್ ಮೇಲೆ ನೇರವಾಗಿ ಬೆಳೆಸುವುದು. ವಜ್ರ ಬೆಳೆಸಲು ಸಾಮಾನ್ಯವಾಗಿ 700ರಿಂದ 1,000 ಡಿಗ್ರಿ ಬೇಕು. ಅಷ್ಟು ಬಿಸಿಗೆ ಚಿಪ್ ಒಳಗಿನ ಲೋಹದ ಎಳೆಗಳು ಉಳಿಯಲ್ಲ, ಸುಮಾರು 400 ಡಿಗ್ರಿಯೇ ಅವುಗಳ ಮಿತಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ರಬಂತಿ ಚೌಧುರಿ ಅವರ ತಂಡ ಸುಮಾರು 400 ಡಿಗ್ರಿಯಲ್ಲೇ ವಜ್ರದ ಪದರ ಬೆಳೆಸುವ ಕೆಲಸ ಮಾಡುತ್ತಿದೆ. ಈ ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇದೇ ಕೆಲಸ.

ಸೂರತ್‌ನ ಮಾತಿಗೆ ಬರುತ್ತೇನೆ. ಎರಡು ವರ್ಷದ ಹಿಂದೆ ಸೀರೆ ವ್ಯಾಪಾರ ಮಾಡುವ ನಮ್ಮ ಭಾವನವರ ಜೊತೆ ಅಲ್ಲಿಗೆ ಹೋಗಿದ್ದೆ. ಅವರ ಪರಿಚಯದವರೊಬ್ಬರು ಲ್ಯಾಬ್ ವಜ್ರದ ಘಟಕ ತೋರಿಸಿದರು. ಉದ್ದದ ಹಾಲ್, ಸಾಲಾಗಿ ಮೆಷಿನ್ನುಗಳು, ನೀರು ತಂಪು ಮಾಡುವ ಯಂತ್ರಗಳ ಗುಂಯ್ ಸದ್ದು. ಪ್ರತಿ ಮೆಷಿನ್ನಿಗೂ ಬಳೆಯಷ್ಟು ಅಗಲದ ಒಂದು ಗಾಜಿನ ಕಿಂಡಿ. ಬಗ್ಗಿ ನೋಡಿದೆ. ಒಳಗೆ ನೇರಳೆ ಬಣ್ಣಕ್ಕೆ ತಿರುಗಿದ ಬೆಳಕಿನ ಉಂಡೆ, ಅದರ ಕೆಳಗೆ ಕಡಲೆಬರ್ಫಿ ಕತ್ತರಿಸಿಟ್ಟ ಹಾಗೆ ಪುಟ್ಟ ಪುಟ್ಟ ಚೌಕಗಳು, ಕೆಂಪಗೆ ಕಾದು ಹೊಳೆಯುತ್ತಿದ್ದವು. ಅವೇ ಬೀಜ. ತೆಳ್ಳನೆಯ ವಜ್ರದ ಚೂರುಗಳು. ಮೀಥೇನ್ ಅನಿಲ ಸ್ವಲ್ಪ, ಜಲಜನಕ ತುಂಬಾ, ಅದಕ್ಕೆ ಮೈಕ್ರೋವೇವ್ ಕೊಡುತ್ತಾರೆ. ಅಡುಗೆಮನೆಯ ಓವನ್‌ನಲ್ಲಿ ಇರುತ್ತದಲ್ಲ, 2.45 ಗಿಗಾಹರ್ಟ್ಸ್, ಅದೇ ಅಲೆ. ಅನಿಲ ಒಡೆದು ಇಂಗಾಲ ಪದರ ಪದರವಾಗಿ ಬೀಜದ ಮೇಲೆ ಕೂರುತ್ತದೆ. ಗ್ರಾಫೈಟ್ ಆಗಿ ಕೂತದ್ದನ್ನು ಜಲಜನಕ ಕೆರೆದು ಹಾಕುತ್ತದೆ, ವಜ್ರವಾಗಿ ಕೂತದ್ದನ್ನು ಬಿಡುತ್ತದೆ. ಗಂಟೆಗೆ ಕೂದಲೆಳೆಯ ದಪ್ಪದ ಒಂದು ಸಣ್ಣ ಪಾಲಿನಷ್ಟು ಬೆಳೆಯುತ್ತದೆ. ಒಂದು ಫಸಲು ಬರಲು ವಾರಗಳು ಬೇಕು. ನಡುವೆ ಕರೆಂಟು ಹೋದರೆ ಹರಳಿನಲ್ಲಿ ಗೆರೆ ಬೀಳುತ್ತದೆ ಅಂತ ಅಲ್ಲಿನ ಹುಡುಗ ಹಿಂದಿಯಲ್ಲಿ ಹೇಳಿದ.

1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಟ್ರೇಸಿ ಹಾಲ್ ಕೃತಕ ವಜ್ರ ಮಾಡಿದಾಗ ಅದಕ್ಕೆ ಭೂಮಿಯ ಹೊಟ್ಟೆಯೊಳಗಿನಂಥ ಒತ್ತಡವೇ ಬೇಕಾಗಿತ್ತು. ಈಗ ಈ ಅನಿಲದ ವಿಧಾನಕ್ಕೆ ಒತ್ತಡವೇ ಬೇಡ, ನಾವು ಉಸಿರಾಡುವ ಗಾಳಿಗಿಂತ ಕಡಿಮೆ ಒತ್ತಡ ಸಾಕು.

ಆ ಹುಡುಗ ಇನ್ನೊಂದು ಮಾತು ಹೇಳಿದ. ಚೂರು ಸಾರಜನಕ ಬಿಟ್ಟರೆ ಹರಳು ಬೇಗ ಬೆಳೆಯುತ್ತದಂತೆ. ಒಡವೆಗೆ ಅದು ನಡೆಯುತ್ತದೆ. ಬಣ್ಣ ಸ್ವಲ್ಪ ಕಂದಾದರೆ ಆಮೇಲೆ ಒತ್ತಡದಲ್ಲಿ ಕಾಯಿಸಿ ತಿಳಿ ಮಾಡುತ್ತಾರೆ. ಚಿಪ್ಪನ್ನೇ ಮಾಡಲು ಬೇಕಾದ ವಜ್ರಕ್ಕೆ ಅದು ನಡೆಯಲ್ಲ. ಅದರಲ್ಲಿ ಸಾರಜನಕ ನೂರು ಕೋಟಿಗೆ ಕೆಲವೇ ಪರಮಾಣು ಇರಬೇಕು. ಮೆಷಿನ್ ಅದೇ, ಬೀಜ ಅದೇ, ಹದ ಬೇರೆ. ನಮ್ಮ ದೇಶದಲ್ಲಿ ಇಷ್ಟೊಂದು ಮೆಷಿನ್ನುಗಳಿದ್ದೂ ನಾವು ಹಿಂದೆ ಬಿದ್ದಿರುವುದು ಈ ಹದದಲ್ಲಿ.

ಜಗತ್ತಿನ ಹತ್ತು ವಜ್ರಗಳಲ್ಲಿ ಒಂಬತ್ತಕ್ಕೆ ಸಾಣೆ ಹಿಡಿಯುವುದು ಸೂರತ್‌ನಲ್ಲಿ ಅನ್ನುತ್ತಾರೆ. ವಜ್ರದ ಹಾಸನ್ನು ಚಿಪ್‌ಗೆ ಕೂರಿಸಬೇಕಾದರೆ ಅದರ ಮೈ ಕನ್ನಡಿಗಿಂತ ನುಣುಪಾಗಬೇಕು, ಅಲ್ಲಿಗೂ ಸಾಣೆ ಬೇಕು, ವಜ್ರವನ್ನು ವಜ್ರದಿಂದಲೇ ಉಜ್ಜಬೇಕು. ಆ ಕೈಗಳು ನಮ್ಮಲ್ಲಿವೆ. ಆದರೆ ಈಗ ಅದೇ ಜನ ಕೆಲಸ ಕಡಿಮೆಯಾಗಿ ಒದ್ದಾಡುತ್ತಿದ್ದಾರೆ. ಲ್ಯಾಬ್ ವಜ್ರದ ಬೆಲೆ ಕೆಲವೇ ವರ್ಷಗಳಲ್ಲಿ ಪಾತಾಳಕ್ಕೆ ಇಳಿಯಿತು. ಎಲ್ಲರೂ ಒಡವೆ ಹರಳೇ ಬೆಳೆದರೆ ಟೊಮೆಟೊ ಜಾಸ್ತಿ ಬಂದ ವರ್ಷ ಕೋಲಾರದಲ್ಲಿ ಆಗುವುದೇ ಆಗುತ್ತದೆ. ಬೆಲೆ ಬಿತ್ತು ಅಂತ ಮರುಗುವುದು ಸಹಜ, ನನಗೂ ಅವರ ಬಗ್ಗೆ ಸಂಕಟ ಇದೆ. ಆದರೆ ಚಿಪ್‌ನ ಕಡೆಯಿಂದ ನೋಡಿದರೆ ಬೆಲೆ ಬಿದ್ದದ್ದೇ ಬಾಗಿಲು ತೆರೆದ ಹಾಗೆ. ವಜ್ರ ದುಬಾರಿ ಇದ್ದಷ್ಟು ದಿನ ಅದನ್ನು ಚಿಪ್‌ಗೆ ಹಾಸುವ ಮಾತು ರೇಡಾರ್, ಉಪಗ್ರಹ ಇಂಥವುಗಳನ್ನು ಬಿಟ್ಟು ಈಚೆಗೆ ಬರುವ ಹಾಗೇ ಇರಲಿಲ್ಲ.

ಬೇರೆಯವರು ಸುಮ್ಮನೆ ಕೂತಿಲ್ಲ. ಅಮೆರಿಕದ ಆಕಾಶ್ ಸಿಸ್ಟಮ್ಸ್ ವಜ್ರದಿಂದ ಎಐ ಸರ್ವರ್ ತಂಪು ಮಾಡುವ ವ್ಯಾಪಾರಕ್ಕೆ ಇಳಿದಿದೆ. ಡಿ ಬಿಯರ್ಸ್‌ನ ಎಲಿಮೆಂಟ್ ಸಿಕ್ಸ್ ತಾಮ್ರ ಮತ್ತು ವಜ್ರ ಬೆರೆಸಿದ ಹಾಸು ಮಾಡಿದೆ. ಜಪಾನಿನ ವಿಷಯ ಎಲ್ಲಕ್ಕಿಂತ ಮನಸ್ಸಿಗೆ ನಾಟುವಂಥದ್ದು. ಫುಕುಶಿಮಾದ ಒಡೆದ ಅಣು ರಿಯಾಕ್ಟರ್‌ಗಳ ಒಳಗೆ ಸುಮಾರು 880 ಟನ್ ಕರಗಿ ಗಟ್ಟಿಯಾದ ಅವಶೇಷ ಇದೆ ಅಂತ ಅಂದಾಜು. ಅದನ್ನು ತೆಗೆಯುವಾಗ ಹತ್ತಿರ ಇಡುವ ಅಳತೆಯ ಉಪಕರಣ ವಿಕಿರಣವನ್ನು ತಡೆದುಕೊಳ್ಳಬೇಕು, ಮಾಮೂಲಿ ಸಿಲಿಕಾನ್ ಅಲ್ಲಿ ಬೇಗ ಹಾಳಾಗುತ್ತದೆ. ಅದಕ್ಕಾಗಿ ವಜ್ರದ ಟ್ರಾನ್ಸಿಸ್ಟರ್ ಮಾಡಲು ಅದೇ ರಿಯಾಕ್ಟರ್ ಇರುವ ಓಕುಮಾ ಪಟ್ಟಣದ ಹೆಸರನ್ನೇ ಇಟ್ಟುಕೊಂಡ ಕಂಪನಿಯೊಂದು 2022ರಲ್ಲಿ ಹುಟ್ಟಿದೆ. ನಾನು ಆಗಲೇ ಹೇಳಿದೆನಲ್ಲ, ವಜ್ರದ ಚಿಪ್ ಮೊಬೈಲ್‌ಗೆ ಮೊದಲು ಬರಲ್ಲ ಅಂತ. ಅದು ಮೊದಲು ಹೋಗುವುದು ಇಂಥ ಜಾಗಕ್ಕೆ, ಸಿಲಿಕಾನ್ ಹೋಗಲಾರದ ಜಾಗಕ್ಕೆ. ಚೀನಾ ಅಂತೂ 2025ರ ಅಕ್ಟೋಬರ್‌ನಲ್ಲಿ ಕೆಲವು ಬಗೆಯ ಕೃತಕ ವಜ್ರದ ರಫ್ತಿಗೂ ಸರ್ಕಾರದ ಅನುಮತಿ ಬೇಕು ಅಂತ ಹೇಳಿ, ಆಮೇಲೆ ಆ ನಿಯಮವನ್ನು ಸದ್ಯಕ್ಕೆ ತಡೆಹಿಡಿಯಿತು. ಒಡವೆಯ ಕಲ್ಲು ಮಾತ್ರ ಆಗಿದ್ದರೆ ಯಾರಾದರೂ ಹೀಗೆ ಮಾಡುತ್ತಾರಾ?

ನಮ್ಮ ಕೇಂದ್ರ ಸರ್ಕಾರ 2023ರ ಬಜೆಟ್‌ನಲ್ಲಿ ಲ್ಯಾಬ್ ವಜ್ರದ ಸಂಶೋಧನೆಗೆ ಒಂದು ಐಐಟಿಗೆ ಐದು ವರ್ಷದ ಅನುದಾನ ಘೋಷಿಸಿತು. ಅದು ಮದ್ರಾಸ್ ಐಐಟಿಗೆ ಹೋಯಿತು, 242 ಕೋಟಿ ರೂಪಾಯಿ. ಬೀಜಗಳ ಮೇಲಿನ ಆಮದು ಸುಂಕವನ್ನೂ ತೆಗೆದರು. ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಅನುದಾನದ ಗುರಿಯಾಗಿ ಹೇಳಿದ್ದು ಬೀಜ ಮತ್ತು ಮೆಷಿನ್ ಎರಡನ್ನೂ ನಮ್ಮಲ್ಲೇ ಮಾಡುವುದು. ನನ್ನ ಬೇಡಿಕೆ ಏನೆಂದರೆ, ಅದರ ಜೊತೆಗೆ ಚಿಪ್ ದರ್ಜೆಯ ವಜ್ರದ ಹಾಸು ಅನ್ನೋದನ್ನೂ ಒಂದು ಗುರಿಯಾಗಿ ಬರೆಯಲಿ. ಅದೇ ವರ್ಷ ಜೂನ್‌ನಲ್ಲಿ ಪ್ರಧಾನಿಯವರು ಅಮೆರಿಕದ ಅಧ್ಯಕ್ಷರ ಪತ್ನಿಗೆ 7.5 ಕ್ಯಾರೆಟ್‌ನ ಲ್ಯಾಬ್ ವಜ್ರ ಉಡುಗೊರೆ ಕೊಟ್ಟಾಗ ಎಲ್ಲ ಪತ್ರಿಕೆಗಳೂ ಮುಖಪುಟದಲ್ಲಿ ಹಾಕಿದಿರಿ. ಅಷ್ಟೇ ಪ್ರೀತಿಯಿಂದ ಇದನ್ನೂ ಬರೆಯಿರಿ ಅಂತ ಕೇಳುತ್ತಿದ್ದೇನೆ.

ಇದರಲ್ಲಿ ಬೆಂಗಳೂರಿನ ಪಾಲು ಏನು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇದೆ. ಜಗತ್ತಿನ ಎಷ್ಟೋ ಚಿಪ್‌ಗಳ ವಿನ್ಯಾಸ ಈ ಊರಿನಲ್ಲಿ ಕೂತು ಮಾಡುತ್ತಾರೆ. ಬಿಸಿ ಎಲ್ಲಿ ಹುಟ್ಟುತ್ತದೆ ಅಂತ ಅತಿ ಚೆನ್ನಾಗಿ ಗೊತ್ತಿರುವವರು ಅವರೇ. ಐಐಎಸ್‌ಸಿಯಲ್ಲಿ ಗ್ಯಾಲಿಯಂ ನೈಟ್ರೈಡ್ ಅನ್ನೋ ಇನ್ನೊಂದು ಅರೆವಾಹಕದ ಟ್ರಾನ್ಸಿಸ್ಟರ್ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ, ಅದೇ ಜಾತಿಯ ಕೆಲವು ಚಿಪ್‌ಗಳಿಗೆ ವಜ್ರದ ಹಾಸು ಈಗಾಗಲೇ ಕೂತಿದೆ. ಇನ್ನೂ ಹಳೆಯ ನಂಟು ಒಂದಿದೆ. ಸರ್ ಸಿ.ವಿ. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದ ಮೇಲೆ ವರ್ಷಗಟ್ಟಲೆ ವಜ್ರದ ಹಿಂದೆ ಬಿದ್ದಿದ್ದರು. ಕಲ್ಲುಗಳನ್ನು ಕೂಡಿಹಾಕಿ, ಅವುಗಳ ಮೇಲೆ ಬೆಳಕು ಬಿಟ್ಟು, ಒಳಗಿನ ಪರಮಾಣುಗಳು ಹೇಗೆ ನಡುಗುತ್ತವೆ ಅಂತ ನೋಡುತ್ತಿದ್ದರು. ಅದೇ ನಡುಕ, ಬಿಸಿ ಹೊರುವ ನಡುಕ. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ವಜ್ರದ ಪದರ ಬೆಳೆಸಿದರೂ ಅದು ವಜ್ರವೋ ಗ್ರಾಫೈಟೋ ಅಂತ ನೋಡುವುದು ರಾಮನ್ ಹೆಸರಿನ ಪರೀಕ್ಷೆಯಿಂದ. ಲೇಸರ್ ಬಿಡುತ್ತಾರೆ, 1332 ಅನ್ನೋ ಗುರುತಿನಲ್ಲಿ ಚೂಪಾದ ಒಂದು ಗೆರೆ ಎದ್ದರೆ ವಜ್ರ. ಆ ಗೆರೆ ಇಲ್ಲದೆ ಸ್ಟ್ಯಾನ್‌ಫರ್ಡ್ ಇಲ್ಲ, ಓಕುಮಾ ಇಲ್ಲ, ಸೂರತ್ ಕೂಡ ಇಲ್ಲ.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ವರದಿಗಾರರೊಬ್ಬರನ್ನು ಚೆನ್ನೈಗೆ ಕಳಿಸಿ. 242 ಕೋಟಿಯಲ್ಲಿ ಈವರೆಗೆ ಏನೇನು ಆಗಿದೆ, ನಮ್ಮದೇ ಮೆಷಿನ್ ಬಂತಾ, ಎಷ್ಟು ಅಗಲದ ಪದರ ಬೆಳೆಸಿದ್ದಾರೆ, ಅದರಲ್ಲಿ ಸಾರಜನಕ ಎಷ್ಟಿದೆ, ಚಿಪ್ ಕಂಪನಿಯವರು ಯಾರಾದರೂ ಬಂದು ನೋಡಿದ್ದಾರಾ, ಇಷ್ಟು ಕೇಳಿಸಿ ಬರೆಸಿ. ಅನುದಾನದ ಐದು ವರ್ಷ ಮುಗಿಯುವ ಮೊದಲೇ ಬರೆಸಿ, ಮುಗಿದ ಮೇಲೆ ಬರೆದರೆ ಬರೀ ಲೆಕ್ಕ ಒಪ್ಪಿಸಿದ ಹಾಗೆ ಆಗುತ್ತದೆ. ಕನ್ನಡದಲ್ಲೇ ಬರೆಸಿ, ನಮ್ಮ ಭಾಷೆಯಲ್ಲಿ ಅರ್ಥವಾಗುವ ಹಾಗೆ. ಡಿಪ್ಲೊಮಾ ಓದುವ ಹುಡುಗರು ನನ್ನ ಅಂಗಡಿಗೆ ಕೆಲಸ ಕಲಿಯಲು ಬರುತ್ತಾರೆ, ಪೇಸ್ಟ್ ಹಚ್ಚುವುದನ್ನು ನಾನು ಕಲಿಸುತ್ತೇನೆ. ಅದರ ಮುಂದಿನದನ್ನು ಅವರು ನಿಮ್ಮ ಪತ್ರಿಕೆಯಲ್ಲಿ ಓದಲಿ.

ಇಂತಿ ನಿಮ್ಮ ಓದುಗ,
ಎಸ್.ಪಿ. ರೋಡ್, ಬೆಂಗಳೂರು